ಹನ್ನೊಂದು ಸೋಲಿನ ಏಪ್ರಿಲ್: 1951ರ ನ್ಯೂಯಾರ್ಕ್ ಜೈಂಟ್ಸ್ ತಂಡದ ಒಂದು ಪ್ರಕರಣ

1951ರ ಏಪ್ರಿಲ್ 29ರ ರಾತ್ರಿ ನ್ಯೂಯಾರ್ಕ್ ಜೈಂಟ್ಸ್ ಬೇಸ್‌ಬಾಲ್ ತಂಡದ ಖಾತೆ ಹೀಗಿತ್ತು: ಆಡಿದ್ದು 14, ಗೆದ್ದದ್ದು 2, ಸೋತದ್ದು 12. ಮೊದಲ ಮೂರು ಪಂದ್ಯಗಳಲ್ಲಿ ಎರಡನ್ನು ಗೆದ್ದವರು ಆಮೇಲೆ ಒಂದೇ ಸಮನೆ ಹನ್ನೊಂದು ಸೋತಿದ್ದರು. ನ್ಯಾಷನಲ್ ಲೀಗಿನ ಎಂಟು ತಂಡಗಳ ಪಟ್ಟಿಯಲ್ಲಿ ಅವರು ತಳದಲ್ಲಿದ್ದರು. ಆ ಹನ್ನೊಂದರಲ್ಲಿ ಹಲವು ಸೋಲು ಅದೇ ಊರಿನ ಬದ್ಧವೈರಿ ಬ್ರೂಕ್ಲಿನ್ ಡಾಜರ್ಸ್ ಕೈಯಲ್ಲಿ ಆಗಿದ್ದವು. ಸೋಲು ಒಂದು ಕಡೆ, ಮರುದಿನ ಸಬ್‌ವೇಯಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಡಾಜರ್ಸ್ ಅಭಿಮಾನಿಗಳ ಮುಖ ನೋಡಬೇಕಾದ ಕಷ್ಟ ಇನ್ನೊಂದು ಕಡೆ.

ಐದು ತಿಂಗಳ ಮೇಲೆ ಇದೇ ತಂಡ ಲೀಗ್ ಗೆದ್ದಿತು. ಅಕ್ಟೋಬರ್ 3ರಂದು ತವರು ಮೈದಾನ ಪೋಲೋ ಗ್ರೌಂಡ್ಸ್‌ನಲ್ಲಿ, ಕೊನೆಯದಾದ ಒಂಬತ್ತನೇ ಇನಿಂಗ್ಸ್‌ನಲ್ಲಿ, ಡಾಜರ್ಸ್‌ನ ರಾಲ್ಫ್ ಬ್ರಾಂಕಾ ಎಸೆದ ಚೆಂಡನ್ನು ಬಾಬಿ ಥಾಮ್ಸನ್ ಎಡಗಡೆಯ ಸ್ಟ್ಯಾಂಡಿಗೆ ಕಳಿಸಿದರು. ಜೈಂಟ್ಸ್ 5, ಡಾಜರ್ಸ್ 4. ಅಮೆರಿಕದ ಕ್ರೀಡಾ ಇತಿಹಾಸದಲ್ಲಿ ಇಷ್ಟು ಸಲ ಹೇಳಲ್ಪಟ್ಟ ಹೊಡೆತ ಇನ್ನೊಂದು ಇರಲಾರದು. ಅದನ್ನು ಇಲ್ಲಿ ಮತ್ತೆ ವರ್ಣಿಸುವುದಿಲ್ಲ. ಈ ಬರಹದ ಗಮನ ಇರುವುದು ಏಪ್ರಿಲ್ ಮತ್ತು ಮೇ ತಿಂಗಳುಗಳ ಮೇಲೆ. 2-12ರಲ್ಲಿ ಬಿದ್ದಿದ್ದ ತಂಡ ಎದ್ದದ್ದು ಹೇಗೆ? ಅದಕ್ಕೆ ಯಾರು ಕಾರಣ?

ಸಿದ್ಧ ಉತ್ತರಗಳು ಎರಡಿವೆ. ಮ್ಯಾನೇಜರ್ ಲಿಯೋ ಡುರೋಷರ್ ಆಟಗಾರರ ಜಾಗ ಬದಲಿಸಿದರು ಎಂಬುದು ಒಂದು. ವಿಲ್ಲಿ ಮೇಸ್ ಎಂಬ 20 ವರ್ಷದ ಹುಡುಗ ಬಂದ ಎಂಬುದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ತಡವಾಗಿ ಬಂದ ಉತ್ತರಗಳು. ತಂಡ ಎದ್ದು ನಿಂತು ಮೂರು ವಾರ ಕಳೆದ ಮೇಲೆ ಇವು ನಡೆದವು.

ಲೀಗಿನ ಲೆಕ್ಕ

ಕ್ರಿಕೆಟ್ ಲೀಗುಗಳ ಪ್ಲೇಆಫ್‌ಗೆ ಒಗ್ಗಿದವರಿಗೆ ಒಂದು ವಿಷಯ ಮೊದಲೇ ಹೇಳಬೇಕು. ಆ ಕಾಲದ ನ್ಯಾಷನಲ್ ಲೀಗಿನಲ್ಲಿ ಎಂಟು ತಂಡಗಳು, ಪ್ರತಿ ಎದುರಾಳಿಯ ಜತೆ 22 ಪಂದ್ಯ, ಒಟ್ಟು 154. ಮೊದಲ ನಾಲ್ಕರಲ್ಲಿ ಬಂದರೆ ಸಾಕು ಎಂಬ ಅನುಕೂಲ ಇರಲಿಲ್ಲ. ಪಟ್ಟಿಯ ಮೊದಲನೆಯವರು ಅಮೆರಿಕನ್ ಲೀಗಿನ ಮೊದಲನೆಯವರ ಜತೆ ವರ್ಲ್ಡ್ ಸೀರೀಸ್ ಆಡುತ್ತಿದ್ದರು, ಎರಡನೆಯವರು ಮನೆಗೆ ಹೋಗುತ್ತಿದ್ದರು. ಮೊದಲ ಸ್ಥಾನದಲ್ಲಿ ಇಬ್ಬರು ಸಮನಾದರೆ ಮಾತ್ರ ಅವರಿಬ್ಬರ ನಡುವೆ ಮೂರು ಪಂದ್ಯಗಳ ಪ್ಲೇಆಫ್. ಹಾಗಾಗಿ ಚಳಿ ಇನ್ನೂ ಬಿಡದ ಏಪ್ರಿಲ್‌ನಲ್ಲಿ ಅರ್ಧ ಖಾಲಿ ಮೈದಾನದಲ್ಲಿ ಸೋತ ಪಂದ್ಯಕ್ಕೂ ಸೆಪ್ಟೆಂಬರಿನ ಕೊನೆಯ ವಾರ ಸೋತ ಪಂದ್ಯಕ್ಕೂ ತೂಕ ಒಂದೇ. ಪತ್ರಿಕೆಗಳು ಹಾಗೆ ಬರೆಯುವುದಿಲ್ಲ, ಅಷ್ಟೆ.

ಜೈಂಟ್ಸ್ ಮೇಲೆ ಆ ವರ್ಷ ನಿರೀಕ್ಷೆ ದೊಡ್ಡದಿತ್ತು. ಡುರೋಷರ್ 1948ರ ಜುಲೈವರೆಗೂ ಡಾಜರ್ಸ್ ಮ್ಯಾನೇಜರ್ ಆಗಿದ್ದವರು. ಋತುವಿನ ಮಧ್ಯದಲ್ಲೇ ನದಿ ದಾಟಿ ಎದುರಾಳಿ ಪಾಳೆಯಕ್ಕೆ ಬಂದರು. ಬಂದವರೇ ಹಳೆಯ ಜೈಂಟ್ಸ್ ತಂಡವನ್ನು ಕೆಡವಿ ಕಟ್ಟಲು ಹೊರಟರು. ಆ ಹಳೆಯ ತಂಡ ಸಿಕ್ಕಾಪಟ್ಟೆ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ಹೊಡೆಯುತ್ತಿತ್ತು, ಆದರೆ ಓಡುವುದರಲ್ಲಿ ನಿಧಾನ. 1949ರ ಡಿಸೆಂಬರಿನಲ್ಲಿ ಸಿಡ್ ಗಾರ್ಡನ್, ವಿಲ್ಲರ್ಡ್ ಮಾರ್ಷಲ್ ಮುಂತಾದವರನ್ನು ಬಾಸ್ಟನ್ ಬ್ರೇವ್ಸ್‌ಗೆ ಕೊಟ್ಟು, ಬದಲಿಗೆ ಆಲ್ವಿನ್ ಡಾರ್ಕ್ ಮತ್ತು ಎಡ್ಡಿ ಸ್ಟ್ಯಾಂಕಿಯನ್ನು ತಂದರು. ಡಾರ್ಕ್ ಒಳ್ಳೆಯ ಬ್ಯಾಟರ್. ಸ್ಟ್ಯಾಂಕಿಯ ಪ್ರತಿಭೆ ಬೇರೆ ಬಗೆಯದು: ಚೆಂಡು ಎಸೆಯುವ ಪಿಚರನ ತಾಳ್ಮೆ ಕೆಡಿಸಿ, ನಾಲ್ಕು ತಪ್ಪು ಎಸೆತ ಗಿಟ್ಟಿಸಿಕೊಂಡು, ಬ್ಯಾಟ್ ಬೀಸದೆಯೇ ಮೊದಲ ಬೇಸ್‌ಗೆ (ರನ್ನಿಗಾಗಿ ಸುತ್ತಬೇಕಾದ ಠಾಣೆಗಳಲ್ಲಿ ಮೊದಲನೆಯದಕ್ಕೆ) ನಡೆದುಹೋಗುವುದು. 1950ರ ಒಂದೇ ವರ್ಷದಲ್ಲಿ ಹಾಗೆ 144 ಸಲ ನಡೆದರು. ಆ ವರ್ಷ ತಂಡ 86-68ರೊಂದಿಗೆ ಮೂರನೇ ಸ್ಥಾನ ಪಡೆಯಿತು, ಗೆದ್ದ ಫಿಲಡೆಲ್ಫಿಯಾಕ್ಕಿಂತ ಕೇವಲ ಐದು ಪಂದ್ಯ ಹಿಂದೆ. 1951 ನಮ್ಮದೇ ಎಂದುಕೊಂಡು ಬಂದವರು ಏಪ್ರಿಲ್ ಮುಗಿಯುವುದರೊಳಗೆ 2-12.

ಅಷ್ಟು ಕೆಟ್ಟ ತಂಡವೇ?

ಹನ್ನೊಂದು ಸತತ ಸೋಲು ಎಂದಾಗ ಮನಸ್ಸು ತಕ್ಷಣ ಕಾರಣ ಹುಡುಕುತ್ತದೆ. ಡ್ರೆಸ್ಸಿಂಗ್ ರೂಮಿನಲ್ಲಿ ಜಗಳವೇ, ಮ್ಯಾನೇಜರ್ ಅತಿಯಾಯಿತೇ, ಜಾಗ ತಪ್ಪಿ ನಿಲ್ಲಿಸಿದರೇ? ಕಾರಣಕ್ಕೆ ಹೋಗುವ ಮುನ್ನ ಒಂದು ಸರಳ ಲೆಕ್ಕ ಮಾಡೋಣ. 1950ರ ಜೈಂಟ್ಸ್ ನೂರಕ್ಕೆ ಸುಮಾರು 56 ಪಂದ್ಯ ಗೆಲ್ಲುವ ತಂಡ. ಅಂಥ ತಂಡ ಪ್ರತಿ ಪಂದ್ಯವನ್ನೂ ಅದೇ ಸಾಧ್ಯತೆಯಲ್ಲಿ ಆಡುತ್ತದೆ ಎಂದು ಹಿಡಿದರೆ, 154 ಪಂದ್ಯಗಳ ಋತುವಿನಲ್ಲಿ ಎಲ್ಲೋ ಒಂದು ಕಡೆ ಹನ್ನೊಂದು ಸತತ ಸೋಲು ಬೀಳುವ ಸಂಭವ ನೂರರಲ್ಲಿ ಒಂದು. 1951ರ ಕೊನೆಗೆ ಅವರು ತಲುಪಿದ ಶೇ. 62ರ ಮಟ್ಟವೇ ಅವರ ನಿಜವಾದ ಮಟ್ಟ ಎಂದುಕೊಂಡರೆ ಸುಮಾರು 500ರಲ್ಲಿ ಒಂದು.

ಇದು ಒರಟು ಲೆಕ್ಕ. ನಿಜವಾದ ಪಂದ್ಯಗಳು ನಾಣ್ಯ ಚಿಮ್ಮಿದಂತೆ ನಡೆಯುವುದಿಲ್ಲ. ಎದುರಾಳಿ ಯಾರು, ಆ ದಿನ ಯಾರ ಸರದಿಯ ಪಿಚರ್, ಯಾರ ಬೆರಳಿಗೆ ಪೆಟ್ಟಾಗಿದೆ, ಎಲ್ಲವೂ ಸೇರುತ್ತದೆ. ಆದರೂ ಒಂದು ಮಾತು ಸ್ಪಷ್ಟ. ಎರಡು ಲೀಗುಗಳ ಹದಿನಾರು ತಂಡಗಳು ವರ್ಷವರ್ಷವೂ ಆಡುತ್ತಿದ್ದರೆ, ಒಳ್ಳೆಯ ತಂಡವೊಂದಕ್ಕೆ ಇಂಥ ಹಾಳು ಎರಡು ವಾರ ಬರುವುದು ಅಪರೂಪ, ಪವಾಡವಲ್ಲ. ಜೂನ್ ಕೊನೆಯಲ್ಲಿ ಬಂದಿದ್ದರೆ ‘ಕೆಟ್ಟ ಪ್ರವಾಸ’ ಎನ್ನುತ್ತಿದ್ದರು. ಋತುವಿನ ಬಾಗಿಲಲ್ಲೇ ಬಂದದ್ದರಿಂದ ಪಟ್ಟಿಯಲ್ಲಿ ಅದನ್ನು ಮುಚ್ಚಲು ಹಿಂದಿನ ಗೆಲುವುಗಳು ಇರಲಿಲ್ಲ. ಬರೀ ಅದೇ ಕಾಣಿಸಿತು.

ಏಪ್ರಿಲ್ 30ರಿಂದ ಮೇ 24

ಸೋಲಿನ ಸರಪಳಿ ಕಡಿದದ್ದು ಏಪ್ರಿಲ್ 30ರಂದು, ಅದೂ ಬ್ರೂಕ್ಲಿನ್ನಿನ ಎಬ್ಬೆಟ್ಸ್ ಫೀಲ್ಡಿನಲ್ಲಿ, ಡಾಜರ್ಸ್ ಎದುರು. ಅಲ್ಲಿಂದ ಮೇ 24ರವರೆಗೆ ಜೈಂಟ್ಸ್ ಆಡಿದ್ದು 22 ಪಂದ್ಯ. ಗೆದ್ದದ್ದು 15, ಸೋತದ್ದು 7. ಅಂದರೆ ನೂರಕ್ಕೆ 68. 2-12 ಇದ್ದ ಖಾತೆ 17-19 ಆಯಿತು.

ಈ ಸಾಲನ್ನು ಜೈಂಟ್ಸ್ ಕಥೆ ಹೇಳುವವರು ಸಾಮಾನ್ಯವಾಗಿ ದಾಟಿಬಿಡುತ್ತಾರೆ. 17-19 ಎಂಬ ಅಂಕಿ ಎಲ್ಲ ಬರಹಗಳಲ್ಲೂ ಬರುತ್ತದೆ, ಆದರೆ ‘ಮೇಸ್ ಬರುವಾಗ ತಂಡ ಸೋಲುಗಳ ಕಡೆಗೇ ವಾಲಿತ್ತು’ ಎಂದು ತೋರಿಸಲು ಬರುತ್ತದೆ. ಅದೇ ಅಂಕಿಯಿಂದ ಮೊದಲ ಹದಿನಾಲ್ಕನ್ನು ಕಳೆದು ನೋಡಿದರೆ ಚಿತ್ರ ತಿರುಗಿ ಬೀಳುತ್ತದೆ. ಆ ಇಪ್ಪತ್ತೆರಡು ಪಂದ್ಯಗಳಲ್ಲಿ ಜೈಂಟ್ಸ್ ಆಡಿದ್ದು ಚಾಂಪಿಯನ್ನರ ವೇಗದಲ್ಲಿ. ಪೂರ್ತಿ 154 ಪಂದ್ಯಗಳನ್ನು ಅದೇ ವೇಗದಲ್ಲಿ ಆಡಿದ್ದರೆ 105 ಗೆಲುವು ಆಗುತ್ತಿತ್ತು.

ಆಗ ತಂಡದಲ್ಲಿ ಹೊಸದೇನಿತ್ತು? ದೊಡ್ಡದಾಗಿ ಏನೂ ಇಲ್ಲ. ಋತುವಿಡೀ ತಂಡವನ್ನು ಹೊತ್ತವರು ಮೂವರು ಪಿಚರ್‌ಗಳು: ಸಾಲ್ ಮ್ಯಾಗ್ಲಿ, ಲ್ಯಾರಿ ಜ್ಯಾನ್ಸನ್, ಜಿಮ್ ಹರ್ನ್. ವರ್ಷದ ಕೊನೆಗೆ ಮ್ಯಾಗ್ಲಿ 23 ಗೆಲುವು 6 ಸೋಲು, ಜ್ಯಾನ್ಸನ್ 23-11, ಹರ್ನ್ 17-9. ಪ್ಲೇಆಫ್ ಸೇರಿ ತಂಡ ಗೆದ್ದ 98ರಲ್ಲಿ 63 ಈ ಮೂವರ ಹೆಸರಿಗಿವೆ. ಮೂವರೂ ಏಪ್ರಿಲ್‌ನಲ್ಲೂ ಇದೇ ತಂಡದಲ್ಲಿದ್ದರು. ಹನ್ನೊಂದು ಸೋಲು ಕಂಡದ್ದೂ ಇದೇ ಪಡೆ.

ಮ್ಯಾಗ್ಲಿ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಬ್ಯಾಟರನ ಗಲ್ಲ ಸವರಿಕೊಂಡು ಹೋಗುವಂತೆ ಚೆಂಡು ಎಸೆಯುತ್ತಿದ್ದರಿಂದ ಅವರಿಗೆ ‘ಕ್ಷೌರಿಕ’ ಎಂದೇ ಹೆಸರು ಬಿದ್ದಿತ್ತು. 1946ರಲ್ಲಿ ಹೆಚ್ಚು ಸಂಬಳಕ್ಕೆ ಮೆಕ್ಸಿಕನ್ ಲೀಗಿಗೆ ಹೋದದ್ದಕ್ಕೆ ನಿಷೇಧಕ್ಕೆ ಒಳಗಾಗಿ, ಅದು ತೆರವಾದ ಮೇಲೆ 1950ರಲ್ಲಿ ಮರಳಿ, ಆ ವರ್ಷ 18-4 ಮಾಡಿದ್ದರು. ಡಾಜರ್ಸ್‌ನ ಜಾಕಿ ರಾಬಿನ್‌ಸನ್‌ಗೂ ಇವರಿಗೂ ಆಗುತ್ತಿರಲಿಲ್ಲ. ಒಮ್ಮೆ ರಾಬಿನ್‌ಸನ್ ಬೇಕೆಂದೇ ಚೆಂಡನ್ನು ಮೊದಲ ಬೇಸ್ ಗೆರೆಯ ಪಕ್ಕಕ್ಕೆ ಮೆಲ್ಲಗೆ ತಟ್ಟಿ, ಅದನ್ನು ಎತ್ತಲು ಬಂದ ಮ್ಯಾಗ್ಲಿಗೆ ಹೋಗಿ ಗುದ್ದಿದ್ದರು. ಈ ಎರಡು ತಂಡಗಳ ನಡುವೆ ಏಪ್ರಿಲ್ ಪಂದ್ಯಕ್ಕೂ ಇಷ್ಟು ಕಾವು.

ಬದಲಾವಣೆಗಳು ಬಂದದ್ದು ಯಾವಾಗ

ಮೊದಲನೆಯದು ಮಾಂಟಿ ಅರ್ವಿನ್ ಮತ್ತು ವೈಟಿ ಲಾಕ್‌ಮನ್ ಜಾಗದ ಅದಲುಬದಲು. ಕಪ್ಪು ಆಟಗಾರರ ಪ್ರತ್ಯೇಕ ಲೀಗಾಗಿದ್ದ ನೀಗ್ರೋ ಲೀಗಿನಲ್ಲಿ ನ್ಯೂವಾರ್ಕ್ ಈಗಲ್ಸ್ ಪರ ಮೆರೆದಿದ್ದ ಅರ್ವಿನ್, 1949ರ ಜುಲೈಯಲ್ಲಿ ಹ್ಯಾಂಕ್ ಥಾಂಪ್ಸನ್ ಜತೆ ಜೈಂಟ್ಸ್ ಪರ ಆಡಿದ ಮೊದಲ ಕಪ್ಪು ಆಟಗಾರರಲ್ಲೊಬ್ಬರು. ಮೂಲತಃ ಹೊರ ಮೈದಾನದವರು. ಆದರೂ 1951ರ ಶುರುವಿಗೆ ಅವರನ್ನು ಫಸ್ಟ್ ಬೇಸ್‌ನಲ್ಲಿ ನಿಲ್ಲಿಸಿದ್ದರು. ಡುರೋಷರ್ ಇದನ್ನು ಸರಿಪಡಿಸಿ ಅರ್ವಿನ್‌ರನ್ನು ಲೆಫ್ಟ್ ಫೀಲ್ಡಿಗೂ ಲಾಕ್‌ಮನ್‌ರನ್ನು ಫಸ್ಟ್ ಬೇಸ್‌ಗೂ ಕಳಿಸಿದರು. ಅರ್ವಿನ್ ಆ ವರ್ಷ 24 ಹೋಮ್ ರನ್ ಹೊಡೆದು, 121 ರನ್ ತಂದುಕೊಟ್ಟು, ಆ ವಿಭಾಗದಲ್ಲಿ ಇಡೀ ಲೀಗಿಗೇ ಮೊದಲಿಗರಾದರು. ಒಳ್ಳೆಯ ತೀರ್ಮಾನವೇ. ಆದರೆ ಇದು ನಡೆದದ್ದು ಮೇ 20ರ ಆಚೀಚೆ. 15-7ರ ಓಟದ ಬಹುಪಾಲು ಅಷ್ಟರಲ್ಲಿ ಮುಗಿದಿತ್ತು, ಅರ್ವಿನ್ ಇನ್ನೂ ಆ ‘ತಪ್ಪು’ ಜಾಗದಲ್ಲಿದ್ದಾಗಲೇ.

ಎರಡನೆಯದು ವಿಲ್ಲಿ ಮೇಸ್. ಅಲಬಾಮಾದ ಈ ಹುಡುಗ ಜೈಂಟ್ಸ್‌ನ ಕಿರಿಯ ತಂಡ ಮಿನಿಯಾಪೊಲಿಸ್ ಮಿಲ್ಲರ್ಸ್ ಪರ 35 ಪಂದ್ಯಗಳಲ್ಲಿ .477 ಸರಾಸರಿಯಲ್ಲಿ ಹೊಡೆಯುತ್ತಿದ್ದ. ಬೇಸ್‌ಬಾಲಿನಲ್ಲಿ .300 ಎಂದರೆ ಉತ್ತಮ ಬ್ಯಾಟರ್, ಹಾಗಾಗಿ .477 ನಂಬಲಾಗದ ಅಂಕಿ. ಸೂ ಸಿಟಿಯ ಸಿನಿಮಾ ಮಂದಿರದಲ್ಲಿ ಕೂತಿದ್ದವನನ್ನು ಕರೆಸಿ ವಿಷಯ ತಿಳಿಸಿದರು. ದೊಡ್ಡ ಲೀಗಿನ ಪಿಚರ್‌ಗಳನ್ನು ಎದುರಿಸುವುದು ತನ್ನಿಂದಾಗದು ಎಂದು ಅವನು ಫೋನಿನಲ್ಲಿ ಹಿಂಜರಿದಾಗ, ಅಲ್ಲಿ ಹೊಡೆಯುತ್ತಿರುವುದರ ಅರ್ಧದಷ್ಟು ಹೊಡೆದರೂ ಸಾಕೆಂದು ಡುರೋಷರ್ ಒಪ್ಪಿಸಿದರು. ತಮ್ಮ ಹುಡುಗನನ್ನು ಕಿತ್ತುಕೊಂಡು ಹೋದದ್ದಕ್ಕೆ ಮಿನಿಯಾಪೊಲಿಸ್ ಜನ ಬೇಸರಪಟ್ಟುಕೊಂಡಾಗ, ಜೈಂಟ್ಸ್ ಮಾಲೀಕ ಹೊರೇಸ್ ಸ್ಟೋನ್‌ಹ್ಯಾಮ್ ಅಲ್ಲಿನ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಸಮಾಧಾನ ಹೇಳಬೇಕಾಯಿತು.

ಮೇ 25ರಂದು ಫಿಲಡೆಲ್ಫಿಯಾದಲ್ಲಿ ಮೇಸ್ ಮೊದಲ ಪಂದ್ಯ ಆಡಿದ. ಐದು ಸಲ ಬ್ಯಾಟ್ ಹಿಡಿದು ಒಂದೂ ಹಿಟ್ (ಹೊಡೆದು ಬೇಸ್ ತಲುಪುವುದು) ಇಲ್ಲ. ಜೈಂಟ್ಸ್ ಮಾತ್ರ 8-5ರಿಂದ ಗೆದ್ದರು. ಹನ್ನೆರಡು ಸಲ ಬರಿಗೈಯಲ್ಲಿ ಮರಳಿದ ಮೇಲೆ, ಮೇ 28ರಂದು ಪೋಲೋ ಗ್ರೌಂಡ್ಸ್‌ನಲ್ಲಿ ಬಾಸ್ಟನ್ನಿನ ವಾರನ್ ಸ್ಪಾನ್ ಎಸೆತಕ್ಕೆ ಮೊದಲ ಹೋಮ್ ರನ್ ಬಂತು. ಆ ಪಂದ್ಯವನ್ನು ತಂಡ 4-1ರಿಂದ ಸೋತಿತು. ಅಲ್ಲಿಂದ ಮತ್ತೆ ಬರಗಾಲ, ಒಟ್ಟು 26 ಸಲಕ್ಕೆ ಒಂದೇ ಹಿಟ್. ಹುಡುಗ ಅಳುತ್ತ ಕೂತಿದ್ದ, ತಾನು ಮ್ಯಾನೇಜರ್ ಆಗಿರುವವರೆಗೂ ಸೆಂಟರ್ ಫೀಲ್ಡ್ ಅವನದೇ ಎಂದು ಡುರೋಷರ್ ಧೈರ್ಯ ಹೇಳಿದರು. ಇದು ಎಲ್ಲರಿಗೂ ಗೊತ್ತಿರುವ ಪ್ರಸಂಗ. ಡುರೋಷರ್ ಬಾಯಿ ಹೊಲಸು, ಸ್ವಭಾವ ಜಗಳಗಂಟ. ಅಂಥವರು ಅಷ್ಟು ತಾಳ್ಮೆ ತೋರಿದ್ದು ದೊಡ್ಡ ವಿಷಯ. ಆ ವರ್ಷ ಅವರು ಮಾಡಿದ ಅತ್ಯುತ್ತಮ ಕೆಲಸ ಇದೇ ಎಂದು ನನಗನ್ನಿಸುತ್ತದೆ, ಏನನ್ನೂ ಬದಲಿಸದೆ ಬಿಟ್ಟದ್ದು.

ಈಗ ಋತುವನ್ನು ನಾಲ್ಕು ತುಂಡು ಮಾಡಿ ಪಕ್ಕಪಕ್ಕ ಇಡೋಣ. ಮೊದಲ 14 ಪಂದ್ಯ: 2-12. ಮೇಸ್ ಬರುವವರೆಗಿನ 22: 15-7. ಮೇಸ್ ಬಂದ ದಿನದಿಂದ ಆಗಸ್ಟ್ 11ರವರೆಗಿನ 74: 42-32. ಕೊನೆಯ 44: 37-7. ಕೂಡಿದರೆ 96-58.

ಮೂರನೇ ತುಂಡು ನೋಡಿ. ಅರ್ವಿನ್ ಸರಿಯಾದ ಜಾಗಕ್ಕೆ ಬಂದಿದ್ದಾರೆ, ಮೇಸ್ ಸೆಂಟರ್ ಫೀಲ್ಡಿನಲ್ಲಿದ್ದಾನೆ. ಎರಡೂ ಮದ್ದು ಹೊಟ್ಟೆಗೆ ಬಿದ್ದಾಗಿದೆ. ತಂಡ ಗೆಲ್ಲುತ್ತಿರುವುದು ನೂರಕ್ಕೆ 57, ಹೆಚ್ಚುಕಡಿಮೆ 1950ರ ಮಟ್ಟ. ಮದ್ದಿಗೆ ಮುಂಚಿನ 22 ಪಂದ್ಯಗಳಿಗಿಂತ ಕಡಿಮೆ. ಜ್ವರ ತಾನಾಗಿ ಇಳಿಯುವ ಹೊತ್ತಿಗೆ ಯಾರು ಕಷಾಯ ಕೊಟ್ಟಿರುತ್ತಾರೋ ಅವರ ಕೈಗುಣ ದೊಡ್ಡದಾಗುತ್ತದೆ. ಇಲ್ಲಿ ಕಷಾಯ ಬರುವಷ್ಟರಲ್ಲಿ ಜ್ವರ ಇಳಿದೇ ಹೋಗಿತ್ತು.

ದೂರದರ್ಶಕ

ಕೊನೆಯ 37-7ಕ್ಕೆ ಬೇರೆಯೇ ಒಂದು ವಿವರಣೆಯಿದೆ, ಅದನ್ನು ಬಿಟ್ಟರೆ ಈ ಅಧ್ಯಯನ ಅಪೂರ್ಣ. ಪೋಲೋ ಗ್ರೌಂಡ್ಸ್ ಕುದುರೆ ಲಾಳದ ಆಕಾರದ ವಿಚಿತ್ರ ಮೈದಾನ. ಎಡ ಗೆರೆಯ ಉದ್ದ 279 ಅಡಿ, ಬಲ ಗೆರೆಯದು 258ಕ್ಕೂ ಕೊಂಚ ಕಡಿಮೆ, ನಡುವೆ ಸೆಂಟರ್ ಫೀಲ್ಡಿಗೆ ಮಾತ್ರ 480 ಅಡಿಗೂ ಹೆಚ್ಚು. ಆಟಗಾರರ ಕೋಣೆಗಳಿದ್ದದ್ದು ಆ ದೂರದ ಸೆಂಟರ್ ಫೀಲ್ಡಿನ ಹಿಂದೆ. ಜುಲೈ 20ರ ಹೊತ್ತಿನಿಂದ ಆ ಕೋಣೆಯ ಕಿಟಕಿಯಲ್ಲಿ ದೂರದರ್ಶಕ ಇಟ್ಟುಕೊಂಡು, ಬ್ಯಾಟರನ ಹಿಂದೆ ಕೂರುವ ಎದುರಾಳಿ ಕ್ಯಾಚರ್ ಯಾವ ಎಸೆತ ಬೇಕೆಂದು ಬೆರಳಿನಲ್ಲಿ ಪಿಚರನಿಗೆ ಕೊಡುವ ಸನ್ನೆಯನ್ನು ಕದ್ದು ನೋಡಿ, ಗುಪ್ತ ತಂತಿಯ ಬಜರ್ ಮೂಲಕ ಬದಲಿ ಪಿಚರ್‌ಗಳು ಕೂರುವ ಬುಲ್‌ಪೆನ್‌ಗೆ ತಿಳಿಸಿ, ಅಲ್ಲಿಂದ ಬ್ಯಾಟರನಿಗೆ ಸನ್ನೆ ಮಾಡುತ್ತಿದ್ದರು. ಕೋಚ್ ಹರ್ಮನ್ ಫ್ರ್ಯಾಂಕ್ಸ್ ಇದರಲ್ಲಿದ್ದರು. ವರ್ಷಗಟ್ಟಲೆ ಗುಸುಗುಸು ಇದ್ದದ್ದನ್ನು ಆ ತಂಡದ ಆಟಗಾರರ ಬಾಯಿಂದಲೇ ಹೊರಡಿಸಿ 2001ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪ್ರಕಟಿಸಿತು.

ಮೋಸ ಮೋಸವೇ, ಅದರಲ್ಲಿ ವಾದವಿಲ್ಲ. ಗೆಲುವಿಗೆ ಅದೊಂದೇ ಕಾರಣವೇ ಎಂದರೆ ಇಲ್ಲೂ ಕ್ಯಾಲೆಂಡರ್ ಪೂರ್ತಿ ಜತೆಗೂಡುವುದಿಲ್ಲ. ದೂರದರ್ಶಕ ಬಂದು ಮೂರು ವಾರ ಕಳೆದ ಮೇಲೆ, ಆಗಸ್ಟ್ 11ರಂದು, ಜೈಂಟ್ಸ್ 59-51 ಮತ್ತು ಡಾಜರ್ಸ್ 70-36. ಅಂತರ 13 ಪಂದ್ಯ (ಗೆಲುವಿನ ವ್ಯತ್ಯಾಸ ಮತ್ತು ಸೋಲಿನ ವ್ಯತ್ಯಾಸ ಕೂಡಿ ಅರ್ಧ ಮಾಡಿದ ಲೆಕ್ಕ). ಮರುದಿನದಿಂದ 16 ಸತತ ಗೆಲುವು. ಥಾಮ್ಸನ್ ಸೆಂಟರ್ ಫೀಲ್ಡ್ ಮೇಸ್‌ಗೆ ಬಿಟ್ಟುಕೊಟ್ಟು ಅಲ್ಲಿ ಇಲ್ಲಿ ಆಡುತ್ತಿದ್ದವರು, ಥರ್ಡ್ ಬೇಸ್‌ಗೆ ಬಂದು ನೆಲೆಯಾದದ್ದೂ ಜುಲೈ 20ರ ಸುಮಾರಿಗೇ. ಅಲ್ಲಿಂದ ಅವರ ಬ್ಯಾಟಿಂಗ್ ಪೂರ್ತಿ ಬದಲಾಯಿತು. ಇದರಲ್ಲಿ ಜಾಗದ ಪಾಲೆಷ್ಟು, ಕದ್ದ ಸನ್ನೆಯ ಪಾಲೆಷ್ಟು ಎಂದು ಬಿಡಿಸಲು ಅಂಕಿಗಳಿಗೆ ಆಗದು. ಇನ್ನು ಋತುವಿನ ಕೊನೆಯ ದಿನ ಬಾಸ್ಟನ್ನಿನಲ್ಲಿ ಜ್ಯಾನ್ಸನ್ ಎಸೆತದಿಂದ ಬಂದ 3-2ರ ಗೆಲುವು, ಅಕ್ಟೋಬರ್ 1ರಂದು ಎಬ್ಬೆಟ್ಸ್ ಫೀಲ್ಡಿನಲ್ಲಿ ಬಂದ 3-1ರ ಪ್ಲೇಆಫ್ ಗೆಲುವು, ಇವೆರಡೂ ಆ ಕಿಟಕಿ ಇಲ್ಲದ ಮೈದಾನಗಳಲ್ಲಿ ಬಂದವು. ಹಾಗೆಯೇ ಆಗಸ್ಟ್ 11ರ ನಂತರ ಡಾಜರ್ಸ್ 26-22 ಆಡಿದ್ದನ್ನೂ ಮರೆಯುವಂತಿಲ್ಲ. ಕುಸಿಯಲಿಲ್ಲ, ಸಾಧಾರಣವಾಗಿ ಆಡಿದರು. ಕೊನೆಯ ದಿನ ಅವರೂ ಫಿಲಡೆಲ್ಫಿಯಾದಲ್ಲಿ 14 ಇನಿಂಗ್ಸ್ ಕಾದಾಡಿ, ರಾಬಿನ್‌ಸನ್ ಹೋಮ್ ರನ್ನಿನಿಂದ 9-8 ಗೆದ್ದೇ ಪ್ಲೇಆಫ್‌ಗೆ ಬಂದದ್ದು.

ಆ ಹನ್ನೊಂದರ ಬೆಲೆ

154 ಪಂದ್ಯ ಮುಗಿದಾಗ ಎರಡೂ ತಂಡ 96-58. ‘ಶುರುವಿನಲ್ಲಿ ಎಡವಿದರೂ ಏನಾಗುವುದಿಲ್ಲ’ ಎನ್ನಲು ಈ ತಂಡವನ್ನು ಉದಾಹರಣೆ ಕೊಡುವವರಿದ್ದಾರೆ. ನನಗೆ ಇದು ಉಲ್ಟಾ ಉದಾಹರಣೆಯಾಗಿ ಕಾಣುತ್ತದೆ. ಏಪ್ರಿಲ್‌ನ ಹನ್ನೊಂದರಲ್ಲಿ ಒಂದೇ ಒಂದು ಗೆದ್ದಿದ್ದರೆ ಜೈಂಟ್ಸ್ ಸೆಪ್ಟೆಂಬರ್ 30ರಂದೇ ಚಾಂಪಿಯನ್. ಮೂರು ಪಂದ್ಯಗಳ ಪ್ಲೇಆಫ್ ಇಲ್ಲ, ಎರಡನೆಯದರಲ್ಲಿ 10-0ರ ಹೀನ ಸೋಲಿಲ್ಲ, ಮೂರನೆಯದರ ಒಂಬತ್ತನೇ ಇನಿಂಗ್ಸ್‌ನಲ್ಲಿ 4-1ರಿಂದ ಹಿಂದೆ ಬಿದ್ದು ಬೆವರುವುದಿಲ್ಲ. ಗೆದ್ದಿದ್ದ ಆ ಒಂದು ಪಂದ್ಯ ಡಾಜರ್ಸ್ ಮೇಲಿನದಾಗಿದ್ದರೆ ಅಂತರ ಎರಡು ಪಂದ್ಯವಾಗುತ್ತಿತ್ತು. ಬ್ರಾಂಕಾ ಪಾಲಿಗಂತೂ ಜೀವಮಾನದ ಹೊರೆ ತಪ್ಪುತ್ತಿತ್ತು.

2-12ರ ನಂತರದ 140 ಪಂದ್ಯಗಳಲ್ಲಿ ಅವರು ಗೆದ್ದದ್ದು 94. ಅಂಥ ಆಟ ಆಡಿಯೂ ಸಮಬಲ ಮಾತ್ರ ಸಿಕ್ಕಿತು.

ನನ್ನ ವಾದಕ್ಕೆ ಎದುರು ಸಾಕ್ಷಿ ಮುಂದಿನ ವರ್ಷವೇ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 1952ರಲ್ಲಿ ಅಭ್ಯಾಸ ಪಂದ್ಯವೊಂದರಲ್ಲಿ ಅರ್ವಿನ್ ಕಾಲಿನ ಕೀಲು ಮುರಿದುಕೊಂಡು ಋತುವಿನ ಬಹುಪಾಲು ಹೊರಗುಳಿದರು. ಅವರಿಲ್ಲದೆಯೂ ಜೈಂಟ್ಸ್ 26-8ರ ಅದ್ಭುತ ಆರಂಭ ಪಡೆದರು. ಮೇ ಕೊನೆಯಲ್ಲಿ ಮೇಸ್ ಸೈನ್ಯಕ್ಕೆ ಹೋಗಬೇಕಾಯಿತು. ಅವನು ಹೋದ ಮೇಲೆ ತಂಡ 66-54. ಇದನ್ನು ಕಂಡವರು ಮೇಸ್ ಇಲ್ಲದೆ ಜೈಂಟ್ಸ್ ಇಲ್ಲ ಎನ್ನುವುದು ಸಹಜ. ಆದರೆ ಹೋಗುವ ಮುನ್ನ ಆಡಿದ 34 ಪಂದ್ಯಗಳಲ್ಲಿ ಅವನ ಬ್ಯಾಟಿಂಗ್ ಸರಾಸರಿ .236 ಮಾತ್ರ, ಹೋಮ್ ರನ್ ನಾಲ್ಕು. ಹಾಗಾದರೆ 26-8ರಲ್ಲಿ ಅವನ ಪಾಲು ಇದ್ದದ್ದು ಬ್ಯಾಟಿನಲ್ಲಲ್ಲ, 480 ಅಡಿಯ ಆ ಬಯಲಿನಲ್ಲಿ ಅವನು ಓಡಿ ಹಿಡಿದ ಚೆಂಡುಗಳಲ್ಲಿ ಇರಬೇಕು. ಬ್ಯಾಟಿಂಗ್ ಸರಾಸರಿಯಲ್ಲಿ ಅದು ಕಾಣಿಸುವುದಿಲ್ಲ. ಜೈಂಟ್ಸ್ ಆ ವರ್ಷ 92-62ರೊಂದಿಗೆ ಎರಡನೆಯವರಾದರು, ಡಾಜರ್ಸ್‌ಗಿಂತ ನಾಲ್ಕೂವರೆ ಪಂದ್ಯ ಹಿಂದೆ.